ಟಾಪು ಮಡಚುವ ಕಾರಿಗೆ ತಕ್ಕ ಮನೆ

ಹಾನಗಲ್ಲಿನಲ್ಲಿ ಶಂಭುಲಿಂಗ ಸಾಹುಕಾರರನ್ನು ಅರಿಯದವರು ಇರಬಹುದು, ಅವರ ಕಾರನ್ನು ಅರಿಯದವರಿಲ್ಲ. ಅರವತ್ನಾಲ್ಕನೇ ಇಸವಿಯ ಹೆರಾಲ್ಡ್ ಗಾಡಿ, ಕೆನೆಹಾಲಿನ ಬಣ್ಣ, ಟಾಪು ಹಿಂದಕ್ಕೆ ಮಡಚುತ್ತದೆ. ಭತ್ತದ ವ್ಯಾಪಾರಿಯಾಗಿದ್ದ ತಂದೆ ಕೊಂಡದ್ದು. ಮಳೆ ಬಂದರೆ ಸಾಹುಕಾರರು ನೆನೆಯುತ್ತಾರೆ, ಕಾರು ನೆನೆಯುವುದಿಲ್ಲ. ಅಮಾವಾಸ್ಯೆಗೊಮ್ಮೆ ತಿಳವಳ್ಳಿಗೆ ಹೋಗಿ ಬರುತ್ತಿದ್ದರು. ಸೈಕಲ್ಲಿನವರು ಅವರನ್ನು ದಾಟಿ, ತಿರುಗಿ ನೋಡಿ ನಮಸ್ಕರಿಸುತ್ತಿದ್ದರು.

ಎಪ್ಪತ್ತು ತುಂಬಿ, ಮೊಣಕಾಲು ಕ್ಲಚ್ ಒತ್ತಲು ಒಲ್ಲೆನೆಂದ ಮೇಲೆ ಮಾರುವುದೆಂದಾಯಿತು. ಮೊಬೈಲಿನಲ್ಲಿ ಫೋಟೋ ಹಾಕಿದ್ದೇ ತಡ, ಜನ ಬಂದರು. ಆದರೆ ಸಿಕ್ಕಸಿಕ್ಕವರಿಗೆ ಕೊಡಲಾದೀತೇ? ಕನ್ಯೆ ನೋಡಲು ಬಂದವರಿಗೆ ಮಾಡುವಂತೆ ಮೊದಲು ಜಮಖಾನೆ, ಉಪ್ಪಿಟ್ಟು, ಚಹ. ಆಮೇಲೆ ವಿಚಾರಣೆ: ಮನೆ ಸ್ವಂತದ್ದೋ, ಕುಡಿತವುಂಟೋ, ಸಿಟ್ಟು ಎಂಥದು. ಇಷ್ಟೆಲ್ಲ ಮುಗಿದ ಮೇಲೆ ಕಾರಿನ ಮುಸುಕು ಸರಿಯುತ್ತಿತ್ತು. ಪಕ್ಕದ ಮನೆಯವನಾದ ನನ್ನನ್ನೂ ಹಿರಿಯನೆಂದು ಕೂಡಿಸುತ್ತಿದ್ದರು. ಎರಡು ವರ್ಷ ಉಪ್ಪಿಟ್ಟು ತಿಂದೆ.

ಹಿರೇಕೆರೂರಿನ ಗುತ್ತಿಗೆದಾರರೊಬ್ಬರು ಬೇಡವಾದರು. ಅವರು ಚಪ್ಪಲಿಯನ್ನು ಒದ್ದು ಬಿಟ್ಟರಂತೆ.

"ಚಪ್ಪಲಿಗೆ ಒದಿಯಾಂವ ಕಾರಿನ ಬಾಗಲಾ ಮೆಲ್ಲಕ ಹಾಕ್ತಾನೇನ್ರಿ?" ಎಂದರು ಸಾಹುಕಾರರು. ಶಿಗ್ಗಾವಿಯ ಡಾಕ್ಟರು ದನಿ ಜೋರೆಂಬ ಕಾರಣಕ್ಕೆ ಬೇಡವಾದರು.

ಇತ್ತ ಮಗಳು ಅಂಕಿತಾ ರಟ್ಟೀಹಳ್ಳಿಯ ಗಂಡನ ಮನೆಯಿಂದ ಬಂದು ಎಂಟು ತಿಂಗಳಾಗಿತ್ತು. ಗಂಡ ಕೈ ಮಾಡುತ್ತಾನೆಂದು ಓಣಿಗೆಲ್ಲ ಗೊತ್ತು. ಕೇಳಿದರೆ ಸಾಹುಕಾರರದು ಒಂದೇ ಮಾತು: "ನಾಕ್ ದಿನಾ ಇರಾಕ ಬಂದಾಳ್ರಿ." ಮದುವೆಗೆ ಮುಂಚೆ ಆ ವರನಿಗೆ ಹೊಲ ಎಷ್ಟೆಂದಷ್ಟೇ ಕೇಳಿ, ಚಹ ಆರುವುದರೊಳಗೆ ಅವರು ಒಪ್ಪಿದ್ದರು. ಅಂದೂ ಹಿರಿಯನಾಗಿ ಕೂತವನು ನಾನೇ. ಬಾಯಿ ಬಿಡಲಿಲ್ಲ; ಆ ನಾಚಿಕೆ ಇನ್ನೂ ಹೋಗಿಲ್ಲ. ಈಗ ಬರುವ ಸೋಮವಾರ ಮಗಳನ್ನು ವಾಪಸು ಕಳಿಸುವುದೆಂದು ಗೊತ್ತುಮಾಡಿದ್ದರು.

ಶನಿವಾರ ಸವಣೂರಿನ ಬಟ್ಟೆ ವ್ಯಾಪಾರಿ ನಿಯಾಜ ಬಂದರು. ಕಾರು ಮುಟ್ಟುವ ಮೊದಲು ಕರವಸ್ತ್ರದಿಂದ ಕೈ ಒರೆಸಿಕೊಂಡರು. ಸಾಹುಕಾರರ ಕಣ್ಣು ತುಂಬಿತು. ಎಲೆಅಡಿಕೆ ಕೊಟ್ಟು ವ್ಯಾಪಾರದ ಮಾತು ಮುಗಿಸಿದರು.

"ಒಂದ್ ಮಾತ್ ಕೇಳ್ರಿ ನಿಯಾಜ," ಎಂದರು. "ನಿಮ್ಮಲ್ಲಿ ಇದಕ್ಕ ಸರಿಬೀಳಲಿಲ್ಲಂದ್ರ, ಯಾರರ ಒಂದು ಗೀರು ಹಾಕಿದ್ರ, ತಂದು ಬಿಡ್ರಿ. ಯಾವಾಗ ಬಂದ್ರೂ ನನ್ನ ಮನಿ ಬಾಗಲಾ ತೆರದಿರತೈತಿ. ಯಾಕ ಬಂತು ಅಂತ ಕೇಳೂದಿಲ್ಲ."

ಚಹದ ಕಪ್ಪು ಒಯ್ಯಲು ಬಂದಿದ್ದ ಅಂಕಿತಾ ಅಲ್ಲೇ ನಿಂತಳು.

"ಅಪ್ಪಾ, ಈ ಮಾತು ನನಗ ಯಾವಾಗ ಹೇಳ್ತಿ?"

ದನಿ ಏರಿಸಲಿಲ್ಲ. ನಿಯಾಜ ನೆಲ ನೋಡಿದರು, ನಾನು ಉಪ್ಪಿಟ್ಟು ನೋಡಿದೆ. ಎರಡು ವರ್ಷ ಬಂದವರನ್ನೆಲ್ಲ ಪ್ರಶ್ನೆ ಕೇಳಿದ ಸಾಹುಕಾರರು ಎದ್ದು ಕಾರಿನ ಮುಸುಕು ಮಡಚತೊಡಗಿದರು.

ಕಾರು ಅಂದೇ ಹೋಯಿತು. ಸೋಮವಾರ ಬೆಳಿಗ್ಗೆ ಕಟ್ಟೆಯ ಮೇಲೆ ಅಂಕಿತಾಳ ಬ್ಯಾಗು ಸಿದ್ಧವಾಗಿತ್ತು. ಸಾಹುಕಾರರು ಹೊರಬಂದು ಅದನ್ನೆತ್ತಿ, ಕುಂಟುತ್ತ ಒಳಗಿಟ್ಟು ಬಂದರು. ಎಂಟು ತಿಂಗಳಿಂದ ಅಂಗಳದ ಬಿಸಿಲಲ್ಲೇ ನಿಂತಿದ್ದ ಅವಳ ಸ್ಕೂಟರನ್ನು ತಳ್ಳಿಕೊಂಡು ಹೋಗಿ ಕಾರಿನ ಜಾಗದಲ್ಲಿ ನಿಲ್ಲಿಸಿದರು. ರಟ್ಟೀಹಳ್ಳಿಯ ಬಸ್ಸು ಹೋದ ಮೇಲೆ, ಸೀಟು ಒರೆಸುತ್ತ, ತಲೆ ಎತ್ತದೆ ಮಗಳನ್ನು ಕೇಳಿದರು:

"ಭಾಳ ಹೊಡದಾನೇನವಾ?"