ಎಂಟು ದಿನ ಮುಟ್ಟಬಾರದಿದ್ದ ಬಿಲ್ಲು

ಇಸ್ತ್ರಿಯವನು ಫೋನಿನಲ್ಲಿ ಮಾತಾಡುತ್ತ ಕೆಂಡದ ಪೆಟ್ಟಿಗೆಯನ್ನು ಮರದ ಮೇಜಿನ ಮೇಲೇ ಮರೆತಿದ್ದ. ಹಿಂದೂಪುರದ ನಮ್ಮ ಬೀದಿಯ ತಿರುವಿನಲ್ಲಿ, ಸ್ಕೂಲಿಗೆ ಹೊತ್ತಾಯಿತೆಂದು ನಾನು ಒಂದೇ ಸಮನೆ ಗಡಿಯಾರ ನೋಡುತ್ತ ನಿಂತಿದ್ದೆ. ಮೇಜಿನಿಂದ ಕಮರು ವಾಸನೆ ಎದ್ದಿತು. ಬಟ್ಟೆ ಸುಟ್ಟ ವಾಸನೆಯಲ್ಲ, ಕಾವಿಗೆ ಒಣಮರ ಕಂದುವ ವಾಸನೆ... ಅವನು "ಅಯ್ಯಯ್ಯೋ" ಎಂದು ಪೆಟ್ಟಿಗೆ ಎತ್ತಿದ. ನಾನು ಬಟ್ಟೆ ತೆಗೆದುಕೊಳ್ಳದೆ ಹೊರಟುಬಿಟ್ಟೆ.

ಆ ವಾಸನೆ ನನ್ನ ಮಟ್ಟಿಗೆ ಒಬ್ಬ ಮನುಷ್ಯನದು. ಕಲ್ಯಾಣದುರ್ಗದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಬಡಗಿ. ರಕ್ತಸಂಬಂಧ ಏನೂ ಇಲ್ಲದಿದ್ದರೂ ಮಾವ ಎನ್ನುತ್ತಿದ್ದೆ. ಕುಂದುರ್ಪಿ ಕಡೆಯವರು. ಖುಷಿಯಲ್ಲಿದ್ದರೆ ಕನ್ನಡ, ಕೋಪ ಬಂದರೆ ತೆಲುಗು. ನನ್ನ ಪಾಲಿಗೆ ಹೆಚ್ಚಾಗಿ ತೆಲುಗೇ ಬರುತ್ತಿತ್ತು, ಏಕೆಂದರೆ ಒಂದು ಕಡೆ ಕೂರುವ ಜಾಯಮಾನ ನನ್ನದಲ್ಲ. ಈಗಲೂ ಅಲ್ಲ. ಇಷ್ಟು ಬರೆಯುವುದರೊಳಗೆ ಎರಡು ಸಲ ಎದ್ದು ಓಡಾಡಿ ಬಂದಿದ್ದೇನೆ.

ಆಗ ನಾನು ಇಂಟರ್, ಅಂದರೆ ಪಿಯುಸಿ, ಎರಡನೇ ವರ್ಷದಲ್ಲಿದ್ದೆ. ಕಾಲೇಜಿನ ಪಿ.ಟಿ. ಮೇಡಂ ನಮಗೆ ಬಿಲ್ಲುಬಾಣ ಕಲಿಸಲು ಶುರುಮಾಡಿದ್ದರು. ಇದ್ದದ್ದು ಎರಡು ಬಿಲ್ಲು, ನಾವು ಹನ್ನೆರಡು ಹುಡುಗಿಯರು. ಸರದಿ ಕಾಯುವುದು ನನ್ನಿಂದಾಗಲಿಲ್ಲ. ಮಾವನ ಬೆನ್ನು ಬಿದ್ದೆ. ಅವರು ಜನ್ಮದಲ್ಲಿ ಬಾಣ ಬಿಟ್ಟವರಲ್ಲ. ಆದರೂ ಅಟ್ಟದ ಮೇಲಿಂದ ಒಂದು ಹಳೆಯ ಅಡ್ಡೆ ಇಳಿಸಿದರು. ಎರಡು ತುದಿಗೂ ಕೊಡ ಕಟ್ಟಿ ಹೆಗಲ ಮೇಲೆ ಹೊರುತ್ತಿದ್ದ, ತಡಸಲು ಮರದ ಅಡ್ಡೆ. ಅವರಪ್ಪನದಂತೆ. "ಇಷ್ಟು ವರ್ಸ ಬಗ್ಗಿ ಬಗ್ಗಿ ಎದ್ದೈತೆ ಕಣಮ್ಮ, ಇನ್ನೂ ಬಗ್ತದೆ" ಎಂದು ಬಾಚಿಯಿಂದ ಅದನ್ನು ಕೆತ್ತಲು ಕೂತರು.

ಬಿಲ್ಲು ಸಿದ್ಧವಾಯಿತು, ಆದರೆ ಮಹಾ ಸೋಮಾರಿ. ಐವತ್ತು ಮೀಟರಿನಲ್ಲಿ ಇಟ್ಟ ಕಡಲೆಕಾಯಿ ಸಿಪ್ಪೆಯ ಮೂಟೆಗೆ ಗುರಿಯಿಟ್ಟರೆ ಬಾಣ ಹತ್ತು ಹೆಜ್ಜೆ ಈಚೆಯೇ ಮಣ್ಣಿಗೆ ಬೀಳುತ್ತಿತ್ತು. ಜಿಲ್ಲಾ ತಂಡದ ಆಯ್ಕೆ ಹಿಂದೂಪುರದಲ್ಲಿ, ಒಂದು ತಿಂಗಳಷ್ಟೇ ಬಾಕಿ. ಮುಂದಿನ ವರ್ಷ ನನಗೆ ವಯಸ್ಸು ಮೀರುತ್ತಿತ್ತು. ತಂಡಕ್ಕೆ ಸೇರಬೇಕಾದರೆ ಅದೊಂದೇ ಸಲ. ನನಗೆ ಊಟ ಸೇರುತ್ತಿರಲಿಲ್ಲ.

ಮಾವ ಗೋಡೆಗೆ ಗೂಟ ಹೊಡೆದು ಬಿಲ್ಲಿನ ನಡುವನ್ನು ಅದಕ್ಕೆ ಸಿಕ್ಕಿಸಿದರು. ಹೆದೆಗೆ ಹಗ್ಗ ಕಟ್ಟಿ, ಕೆಳಗೆ ಬಾವಿಯ ರಾಟೆಯೊಂದನ್ನು ಕೂರಿಸಿ, ದೂರ ನಿಂತು ಹಗ್ಗ ಎಳೆದರೆ ಬಿಲ್ಲು ಗೋಡೆಯ ಮೇಲೇ ಬಾಗುತ್ತಿತ್ತು. ಗೋಡೆ ತುಂಬ ಇದ್ದಿಲಲ್ಲಿ ಅಡ್ಡಗೆರೆ. ಬಿಲ್ಲಿನ ಎರಡು ಅರ್ಧಗಳನ್ನು ಅವರು ಕೈ ಎನ್ನುತ್ತಿದ್ದರು. ಯಾವ ಕೈ ಕಡಿಮೆ ಬಾಗುತ್ತದೋ ಅದನ್ನು ಗಾಜಿನ ಚೂರಿನಿಂದ ಹೊಟ್ಟೆಯ ಕಡೆ, ಅಂದರೆ ಬಾಣ ಬಿಡುವವರತ್ತ ಇರುವ ಒಳಮೈಯಲ್ಲಿ, ನಾಲ್ಕು ಸಲ ಕೆರೆಯುವುದು, ಮತ್ತೆ ಗೂಟಕ್ಕೆ ಹಾಕಿ ಇಪ್ಪತ್ತು ಸಲ ಎಳೆಯುವುದು, ಮತ್ತೆ ನೋಡುವುದು. ನಾಲ್ಕೇ ಸಲ. ಐದನೆಯದಕ್ಕೆ ನಾನು ಕೈ ಹಾಕಿದರೆ, "ಆಗವೇ! ತೊಂದರೇಮೊಚ್ಚಿಂದೇ ನೀಕು?" ನಿಲ್ಲೇ, ನಿನಗೇನು ಅವಸರ ಬಂದಿದೆ ಅಂತ.

ಆಮೇಲೆ ತುದಿಗಳನ್ನು ಸಣ್ಣ ಮಾಡಿದರು. "ತುದಿ ತೂಕ ಇದ್ರೆ ಬಾಣುಕ್ಕೆ ಕೊಡೋ ಜೋರೆಲ್ಲ ತಾನೇ ತಿಂದ್ಬುಡ್ತದೆ." ದಪ್ಪ ನೈಲಾನ್ ಹೆದೆ ತೆಗೆಸಿ ತೆಳ್ಳಗಿನದು ಹಾಕಿಸಿದರು. ಬಾಣ ಮೂಟೆಯ ಬುಡ ಮುಟ್ಟಿತು. ನಾನು ಬೀದಿಯಲ್ಲಿ ಕುಣಿದಿದ್ದೆ. ಇನ್ನು ಸ್ವಲ್ಪವೇ ಸ್ವಲ್ಪ ಬಿಗಿ ಬೇಕಾಗಿತ್ತು.

ಆ ಬಿಗಿ ಕೊಡಲು ಅವರಿಗೆ ಗೊತ್ತಿದ್ದದ್ದು ಬೆಂಕಿ. ಕುಂದುರ್ಪಿಯ ಕುರಿಯವರು ತಮ್ಮ ಕೋಲುಗಳನ್ನು ಕಾಯಿಸಿ ನೆಟ್ಟಗೆ ಮಾಡಿಸಿಕೊಳ್ಳಲು ಹುಡುಕಿಕೊಂಡು ಬರುತ್ತಿದ್ದದ್ದು ಇವರನ್ನೇ. ಹುಣಸೆ ಕೆಂಡ ಹಾಸಿ, ಬಿಲ್ಲಿನ ಹೊಟ್ಟೆಯನ್ನು ಅದರ ಮೇಲೆ ಒಂದು ಗೇಣು ಎತ್ತರದಲ್ಲಿ ಹಿಡಿದು, ಅಂಗುಲ ಅಂಗುಲವಾಗಿ ಸರಿಸುತ್ತ ಮಧ್ಯಾಹ್ನ ಪೂರ್ತಿ ಕೂತರು. ಮರ ಬೆಲ್ಲದ ಬಣ್ಣಕ್ಕೆ ತಿರುಗಿತು. ಮುಗಿದ ಮೇಲೆ ಹಳೇ ಸೀರೆಯಲ್ಲಿ ಸುತ್ತಿ ಒಳಮನೆಯ ಮೂಲೆಯಲ್ಲಿಟ್ಟರು.

"ಕೆಂಡ ಮರದಾಗಿನ ತೇವ ಎಲ್ಲಾ ಕುಡ್ದುಬುಟ್ಟೈತೆ. ಗಾಳಿಯಾಗೆ ಅದು ವಾಪಸ್ ಬರ್ಬೇಕು. ಎಂಟು ದಿನ ಮುಟ್ಟಂಗಿಲ್ಲ, ಬಾಣಂತಿ ಇದ್ದಂಗೆ ಕಣಮ್ಮ" ಎಂದರು. ಅವರ ಹೆಂಡತಿ, ನಾನು ಅತ್ತೆ ಎನ್ನುತ್ತಿದ್ದವರು, ನಕ್ಕು ಪಕ್ಕದಲ್ಲಿ ಒಂದು ಬೇವಿನ ಸೊಪ್ಪಿನ ಕಡ್ಡಿಯನ್ನೂ ಇಟ್ಟರು. ಆಯ್ಕೆಗೆ ಇನ್ನು ಹತ್ತು ದಿನ ಇತ್ತು. ಲೆಕ್ಕ ಸರಿಯಾಗಿಯೇ ಇತ್ತು.

ಐದನೆಯ ದಿನ ಮಾವ ಯಾರದೋ ಮನೆಯ ಬಾಗಿಲುವಾಡ ನಿಲ್ಲಿಸಲು ಕುಂದುರ್ಪಿಗೆ ಹೋದರು. ಅತ್ತೆ ನೀರಿಗೆ ಹೋಗಿದ್ದರು. ನಾನು ಒಳಗೆ ಹೋಗಿ ಸುಮ್ಮನೆ ನೋಡಿ ಬರುತ್ತೇನೆ ಅಂದುಕೊಂಡೆ... ಸೀರೆ ಬಿಚ್ಚಿದೆ. ಹೆದೆ ಏರಿಸಿದೆ. ಒಂದೇ ಒಂದು ಸಲ, ಕಿವಿಯವರೆಗೆ ಎಳೆದೆ. ಚಿಟ್ ಎಂದಿತು.

ಬಾಗಿಲ ಬೆಳಕಿಗೆ ಹಿಡಿದು ನೋಡಿದೆ. ಬಿಲ್ಲಿನ ಬೆನ್ನಿನ ಕಡೆ, ಮೇಲಿನ ಕೈಯಲ್ಲಿ, ಕೂದಲೆಳೆಯಷ್ಟು ಗೆರೆ. ನಾನು ಏನು ಮಾಡಿದೆ ಎಂದು ಬರೆಯಲು ನಾಚಿಕೆಯಾಗುತ್ತದೆ. ಅತ್ತೆಯ ಗೂಡಿನಿಂದ ಹರಳೆಣ್ಣೆ ತಂದು ಗೆರೆ ಕಾಣದಂತೆ ಉಜ್ಜಿದೆ. ಸೀರೆ ಸುತ್ತಿ, ಬೇವಿನ ಕಡ್ಡಿಯನ್ನು ಇದ್ದ ಹಾಗೇ ಇಟ್ಟು ಮನೆಗೆ ಬಂದೆ.

ಮೂರು ದಿನ ಇತ್ತು ನನಗೆ, ಹೇಳಲಿಕ್ಕೆ. ಅವರ ಬಾಗಿಲವರೆಗೆ ಹೋಗಿ ಹೋಗಿ ವಾಪಸ್ ಬಂದೆ. ಬಿರುಕು ಅಷ್ಟೇನೂ ಇರಲಿಕ್ಕಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಎಂಟನೆಯ ದಿನ ಮಾವ ಸ್ನಾನ ಮಾಡಿ, ಬಿಲ್ಲಿಗೆ ಅರಿಶಿನ ಕುಂಕುಮ ಹಚ್ಚಿ ಗೂಟಕ್ಕೆ ಹಾಕಿದರು. ಹಗ್ಗ ಎಳೆದರು. ಅರ್ಧ ಎಳೆಯುವಷ್ಟರಲ್ಲಿ ಪಟಾರನೆ ಮುರಿದು, ಮೇಲಿನ ತುಂಡು ಹಾರಿ ಗೋಡೆಯ ಸುಣ್ಣ ಉದುರಿಸಿತು. ಅವರು ಹಗ್ಗ ಹಿಡಿದುಕೊಂಡೇ ಕುಳಿತರು. ಬೈಯಲಿ ಎಂದು ಕಾದೆ. ತೆಲುಗು ಬರಲಿಲ್ಲ.

"ನಾನೇ ಹಾಳು ಮಾಡ್ಬುಟ್ಟೆ ಕಣಮ್ಮ. ಕೆಂಡ ಹತ್ರ ಆಗೋಯ್ತು. ನಿನ್ ಕೆಲ್ಸ ಕೆಡಿಸ್ಬುಟ್ಟೆ."

ನಾನು ಅತ್ತುಬಿಟ್ಟೆ. ಅವಮಾನಕ್ಕೆ, ಭಯಕ್ಕೆ ಅತ್ತದ್ದು. ಅವರು ಬಿಲ್ಲಿಗಾಗಿ ಎಂದುಕೊಂಡರು. ಸಾಯಂಕಾಲ ನಮ್ಮ ಮನೆಗೆ ಬಂದು ಅಪ್ಪನ ಮುಂದೆ ಕೈಮುಗಿದು ಅದನ್ನೇ ಹೇಳಿದರು. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. ಕಾಲೇಜಿನ ಬಿಲ್ಲು ಹಿಡಿದು ಆಯ್ಕೆಗೆ ಹೋದೆ, ತಂಡದಲ್ಲಿ ಜಾಗ ಸಿಗಲಿಲ್ಲ. ಬೀದಿಯವರೆಲ್ಲ ನನ್ನನ್ನು ನೋಡಿ ಪಾಪ ಎಂದರು, ಮಾವನಿಗೆ ವಯಸ್ಸಾಯಿತು ಎಂದರು.

ಆಮೇಲೆ ಒಂದು ದಿನ ಕುರಿಯವನೊಬ್ಬ ಹೊಸ ಕೋಲು ತಂದು ಮಾವನ ಬಾಗಿಲಲ್ಲಿ ನಿಂತ. ಮಾವ ಅದನ್ನು ತಿರುಗಿಸಿ ನೋಡಿ ವಾಪಸ್ ಕೊಟ್ಟರು. "ಬೆಂಕಿ ಕೆಲ್ಸಕ್ಕೆ ಬ್ಯಾರೆಯವ್ರನ್ನ ನೋಡ್ಕೊಳಪ್ಪ. ನನ್ ಕೈಗೆ ಅಳತೆ ತಪ್ಪೈತೆ." ಅವನು ಗೋಗರೆದ. ಅವರು ಒಳಗೆ ಹೋಗಿಬಿಟ್ಟರು. ನಾನು ಜಗುಲಿಯ ಮೇಲೆ ಪುಸ್ತಕ ಹಿಡಿದು ಕೂತಿದ್ದೆ. ಬಾಯಿ ಬಿಟ್ಟಿದ್ದರೆ ಸಾಕಿತ್ತು, ಆ ಕೈಗೆ ಏನೂ ಆಗಿರಲಿಲ್ಲ. ಬಿಡಲಿಲ್ಲ.

ನಾನು ಓದಿ, ಹಿಂದೂಪುರದಲ್ಲಿ ಪಿ.ಟಿ. ಟೀಚರ್ ಆದೆ. ಈಗ ಮಕ್ಕಳಿಗೆ ತಾಳ್ಮೆ ಇಲ್ಲ ಎಂದು ದಿನಾ ಗದರುತ್ತೇನೆ, ಅದು ಬೇರೆ ಮಾತು. ಹೇಳಿಬಿಡಬೇಕು ಎಂದು ನಿಶ್ಚಯ ಮಾಡಿ ಕಲ್ಯಾಣದುರ್ಗದ ಬಸ್ಸು ಹತ್ತಿದ್ದು ಹೋದ ವರ್ಷ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಬಾಗಿಲು ತೆರೆದದ್ದು ಅತ್ತೆ. ಹಣೆಯಲ್ಲಿ ಕುಂಕುಮ ಇರಲಿಲ್ಲ. ಮಾವ ಹೋಗಿ ಮೂರು ತಿಂಗಳಾಗಿತ್ತು. ನಮ್ಮವರು ಆ ಬೀದಿ ಬಿಟ್ಟು ಎಷ್ಟೋ ವರ್ಷವಾಗಿತ್ತು, ನನಗೆ ಸುದ್ದಿ ಮುಟ್ಟಿರಲಿಲ್ಲ.

ಅತ್ತೆ ನನ್ನ ಎರಡೂ ಕೈ ಹಿಡಿದುಕೊಂಡರು. "ಕೊನೆವರ್ಗೂ ನಿನ್ ಮಾತೇ ಆಡ್ತಿದ್ರು ಕಣಮ್ಮ. ಆ ಹುಡ್ಗಿ ಬಿಲ್ಲು ಕೆಡಿಸ್ಬುಟ್ಟೆ, ಅಂತ. ನೀನು ಮನಸ್ನಾಗೆ ಏನೂ ಇಕ್ಕೋಬ್ಯಾಡ."

ಜೋಡಿಸಿಕೊಂಡ ಮಾತೆಲ್ಲ ಬಾಯಲ್ಲೇ ಇತ್ತು. "ಇಲ್ಲ ಅತ್ತೆ, ಆವತ್ತೇ ಮರೆತುಬಿಟ್ಟೆ" ಎಂದೆ. ಅತ್ತೆಯ ಮುಖ ಹಗುರಾಯಿತು. ಕಾಫಿಗೆ ಇಟ್ಟರು. ಕುಡಿದು, ಮುಂದಿನ ಬಸ್ಸಿಗೇ ಬಂದುಬಿಟ್ಟೆ.

ಈಗಲೂ ವಾರಕ್ಕೊಂದು ಸಲ ಬಸ್ ಸ್ಟ್ಯಾಂಡಿನವರೆಗೆ ಹೋಗುತ್ತೇನೆ. ಕಲ್ಯಾಣದುರ್ಗದ ಬಸ್ಸು ಬರುತ್ತದೆ, ತುಂಬುತ್ತದೆ, ಹೊರಡುತ್ತದೆ. ಅತ್ತೆಗಾದರೂ ಹೇಳಬಹುದು. ಆದರೆ ಕೇಳಬೇಕಾಗಿದ್ದ ಮನುಷ್ಯ ಅಲ್ಲಿಲ್ಲ. ಮಾವ ಒಂದು ಹುಡುಗಿಯ ಬಿಲ್ಲು ಕೆಡಿಸಿದ ಬಡಗಿಯಾಗಿಯೇ ಹೋದರು. ನಿಜಕ್ಕೂ ಕೆಡಿಸಿದ ನಾನು ಅವರನ್ನು ಕ್ಷಮಿಸಿ ಬಂದಿದ್ದೇನೆ.