ಇಸಿಜಿಗೆ ಹೋದದ್ದು ನಾನು

ಎದೆನೋವು ಬಂದದ್ದು ನನಗೆ.

ಇದನ್ನು ಮೊದಲೇ ಹೇಳಿಬಿಡಬೇಕು. ನಮ್ಮ ಮನೆಯಲ್ಲಿ ಎದೆನೋವು, ತಲೆಸುತ್ತು, ಕೈಕಾಲು ಜೋಮು ಎಲ್ಲ ಮೊದಲಿನಿಂದಲೂ ನನ್ನ ಖಾತೆಯವು. ನಂಜನಗೂಡಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು ನಾನು. ಬೋರ್ಡಿನ ಮೇಲೆ ಹೃದಯದ ಚಿತ್ರ ಬರೆಯುವಾಗಲೆಲ್ಲ ನನ್ನ ಹೃದಯದ ಒಂದು ಕೋಣೆ ಕೆಲಸ ನಿಲ್ಲಿಸಿದಂತೆ ಅನ್ನಿಸುತ್ತದೆ. ಮನೆಯಲ್ಲಿ ಬಿಪಿ ಮಿಷನ್ ಇದೆ. ಅದಕ್ಕೆ ಬಿಡುವೇ ಇಲ್ಲ.

ನನ್ನ ಹೆಂಡತಿ ಭಾಗ್ಯ ಸೋಸಲೆಯವಳು. ಕೆಲಸವೆಂದರೆ ಅವಳಿಗೆ ಯಾರೋ ನೆಂಟರು ಬಂದಷ್ಟು ಖುಷಿ. ತಳ ಹಿಡಿದ ಹಾಲಿನ ಪಾತ್ರೆಗೂ "ಬಾರಪ್ಪ ರಾಜಾ, ನಿಂಗೊಂದು ಗತಿ ಕಾಣಿಸ್ತೀನಿ" ಎಂದು ಹೇಳಿಯೇ ಉಜ್ಜಲು ಕೂರುವವಳು. ಬೀದಿಯಲ್ಲಿ ಯಾರ ಮನೆಯ ಕಾರ್ಯವಾದರೂ ಸೆರಗು ಸಿಕ್ಕಿಸಿಕೊಂಡು ಹೊರಟುಬಿಡುತ್ತಾಳೆ. ಮೂರು ಮನೆ ಆಚೆಯ ದೇವಮ್ಮಜ್ಜಿಗೆ ಕಣ್ಣಿನ ಪ್ರೆಶರ್. ಒಂಟಿ ಜೀವ, ಕೈ ನಡುಕ. ದಿನಾ ಸಂಜೆ ಡ್ರಾಪ್ಸ್ ಹಾಕುವವಳು ಭಾಗ್ಯ. ಕಣ್ಣಿಗೊಂದರಂತೆ ಎರಡು ಹನಿ. ಹೋದರೆ ಅರ್ಧ ಗಂಟೆ. "ಎರಡು ಹನಿಗೆ ಅರ್ಧ ಗಂಟೆ ಯಾಕೆ?" ಎಂದರೆ, "ಹನಿಗಲ್ಲ ಕಣ್ರೀ, ನಗೋದಕ್ಕೆ" ಎನ್ನುತ್ತಿದ್ದಳು.

ಆ ಭಾನುವಾರ ಟಿ. ನರಸೀಪುರದಲ್ಲಿ ಅವಳ ತಂಗಿಯ ಮನೆಯ ಗೃಹಪ್ರವೇಶ. ಅಡುಗೆಯವರಿದ್ದರೂ ಒಬ್ಬಟ್ಟು ತಾನೇ ತಟ್ಟುತ್ತೇನೆಂದು ಒಲೆಯ ಮುಂದೆ ಕುಳಿತಳು. ಕಾವಲಿಯಿಂದ ಎದ್ದದ್ದನ್ನು ಎದ್ದಂತೆಯೇ ನಾನು ತಿಂದೆ. ವಾಪಸು ಬರುವ ಬಸ್ಸಿನಲ್ಲಿ ನನಗೆ ಎದೆ ಹಿಡಿದುಕೊಂಡಿತು.

ಪಕ್ಕದಲ್ಲಿ ಅವಳು ರಟ್ಟೆ ಒತ್ತಿಕೊಳ್ಳುತ್ತಿದ್ದಳು. "ರಟ್ಟೆ ಸೇದ್ತದೆ ಕಣ್ರೀ. ಒಬ್ಬಟ್ಟು ಜಾಸ್ತಿ ಆಯ್ತು."

"ನನಗೂ ಜಾಸ್ತಿ ಆಯ್ತು" ಎಂದೆ.

ಇಬ್ಬರೂ ನಕ್ಕೆವು.

ಬೆಳಿಗ್ಗೆಯಾದರೂ ನನ್ನ ಎದೆ ಬಿಗಿಯಾಗಿಯೇ ಇತ್ತು. ಮಾಮೂಲಿ ಕ್ಲಿನಿಕ್ಕಿಗೆ ಹೋದೆವು. ಅಲ್ಲಿನ ಸಿಸ್ಟರ್ ನನ್ನನ್ನು ಕಂಡು, "ಬಂದ್ರಾ ಸಾ? ಬನ್ನಿ, ನಿಮ್ಮ ಮಂಚ ಖಾಲಿ ಇದೆ" ಎಂದರು. ಭಾಗ್ಯ ಜೋರಾಗಿ ನಕ್ಕಳು. ಬಿಚ್ಚಿದ ಶರ್ಟನ್ನು ಅವಳ ಕೈಗೆ ಕೊಟ್ಟು ಮಲಗಿದೆ. ಸಿಸ್ಟರ್ ತಣ್ಣನೆಯ ಜೆಲ್ ಹಚ್ಚಿ, ರಬ್ಬರ್ ಬುಗುರಿಗಳಂಥವನ್ನು ಎದೆಗೆ ಅಂಟಿಸತೊಡಗಿದರು.

"ರೀ, ಒಂಚೂರು ಕೂತ್ಕೋತೀನಿ."

ಕುರ್ಚಿ ಪಕ್ಕದಲ್ಲೇ ಇತ್ತು. ಭಾಗ್ಯ ನೆಲದ ಮೇಲೆ ಕುಳಿತಳು.

ಸಿಸ್ಟರ್ ಅವಳ ಮುಖ ನೋಡಿದರು. ಹಣೆಯಿಂದ ಬೆವರು ಇಳಿಯುತ್ತಿತ್ತು. ನನ್ನ ಎದೆಯ ಮೇಲಿದ್ದದ್ದನ್ನೆಲ್ಲ ಪಟಪಟನೆ ಕಿತ್ತು, "ಸಾ, ಏಳಿ" ಎಂದರು.

ನನ್ನ ಮಂಚದ ಮೇಲೆ ಅವಳು ಮಲಗಿದಳು.

ಡಾಕ್ಟರ್ ಬಂದು ಅವಳ ಇಸಿಜಿ ಪಟ್ಟಿ ನೋಡಿದರು. "ನೋವು ಯಾವಾಗಿಂದಮ್ಮ?"

"ನೋವೇನಿಲ್ಲ ಡಾಕ್ಟ್ರೇ. ನೆನ್ನೆಯಿಂದ ರಟ್ಟೆ ಸೇದ್ತದೆ, ಅಷ್ಟೇಯ. ಒಬ್ಬಟ್ಟು ತಟ್ಟಿದ್ನಲ್ಲ."

"ಯಾವ ರಟ್ಟೆ?"

ಅವಳು ಎಡಗೈಯನ್ನು ತುಸು ಎತ್ತಿದಳು.

"ಒಬ್ಬಟ್ಟು ಎಡಗೈಲಿ ತಟ್ತೀರಾ?"

ಅವಳು ಬಲಗೈಯವಳು.

ಮುಂದಿನದು ನನಗೆ ತುಂಡುತುಂಡಾಗಿ ನೆನಪಿದೆ. ಹಾರ್ಟ್ ಅಟ್ಯಾಕ್ ಎಂದದ್ದು. ಅವಳಿಗೆ ಮಾತ್ರೆ ಅಗಿಯಲು ಕೊಟ್ಟದ್ದು. ಮೈಸೂರಿಗೆ ಈಗಲೇ ಹೊರಡಿ ಎಂದದ್ದು. ಆಂಬುಲೆನ್ಸಿನಲ್ಲಿ ಶರ್ಟು ನನ್ನ ಎದೆಗೆ ಅಂಟಿಕೊಳ್ಳುತ್ತಿತ್ತು. ಜೆಲ್ ಒರೆಸಿರಲಿಲ್ಲ. ಭಾಗ್ಯ ಆಕ್ಸಿಜನ್ ಮಾಸ್ಕ್ ಸರಿಸಿ ಏನೋ ಅಂದಳು. ಬಗ್ಗಿ ಕಿವಿ ಕೊಟ್ಟೆ.

"ನಿಮ್ದು ಇಸಿಜಿ ಆಗ್ಲೇ ಇಲ್ವಲ್ರೀ."

ಆಂಜಿಯೋಗ್ರಾಮ್, ಸ್ಟೆಂಟ್, ಐಸಿಯು. ಅವಳ ಬಳೆಗಳನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ನನ್ನ ಕೈಗೆ ಕೊಟ್ಟರು. ನಾನು ಸತ್ತರೆ ಯಾರಿಗೆ ಮೊದಲು ಫೋನ್ ಮಾಡಬೇಕು, ಪೆನ್ಶನ್ನಿಗೆ ಯಾರನ್ನು ಕಾಣಬೇಕು, ಗ್ಯಾಸ್ ಸಿಲಿಂಡರ್ ಯಾರ ಹೆಸರಿಗೆ ಬದಲಾಗಬೇಕು ಎಂದೆಲ್ಲ ವರ್ಷಗಟ್ಟಲೆ ಯೋಚಿಸಿ ಅವಳಿಗೆ ಪಾಠ ಮಾಡಿದ್ದವನಿಗೆ, ಆ ಕವರ್ ಹಿಡಿದು ಕಾರಿಡಾರಿನಲ್ಲಿ ನಿಂತಾಗ ಒಂದು ವಿಷಯ ತಿಳಿಯಿತು: ನನ್ನ ಅಷ್ಟೂ ಚಿಂತೆಗಳಲ್ಲಿ ಅವಳು ಬದುಕಿಯೇ ಇದ್ದಳು.

ಉಳಿದಳು.

ಮನೆಗೆ ಕರೆತಂದ ಮೇಲೆ ಇನ್ನೊಂದು ಆಘಾತ ಕಾದಿತ್ತು. ಭಾಗ್ಯ ಮಾತು ಕಡಿಮೆ ಮಾಡಿದಳು. ಮಂಚದ ಮೇಲೆ ಕುಳಿತು ನನ್ನ ಬಿಪಿ ಮಿಷನ್ನಿನ ಪಟ್ಟಿಯನ್ನು ತೋಳಿಗೆ ಸುತ್ತಿಕೊಳ್ಳುವುದು, ಬಿಚ್ಚುವುದು, ಮತ್ತೆ ಸುತ್ತಿಕೊಳ್ಳುವುದು. ಚೆಕಪ್ಪಿಗೆ ಹೋದಾಗ ಡಾಕ್ಟರ್, "ಹಾರ್ಟ್ ಚೆನ್ನಾಗಿ ಪಂಪ್ ಮಾಡ್ತಿದೆ. ನಡೀರಿ, ಸಣ್ಣಪುಟ್ಟ ಕೆಲಸ ಮಾಡಿ" ಎಂದರು. ಮನೆಗೆ ಬಂದವಳು ನೆಲಕ್ಕೆ ಬಿದ್ದ ಟವೆಲ್ಲನ್ನೂ ಎತ್ತಲಿಲ್ಲ.

"ಬಗ್ಗಿದಾಗ ನಿಂತ್ಹೋದ್ರೆ?"

ಅದು ನನ್ನ ಮಾತು. ಅದೇ ಧಾಟಿ, ಅದೇ ಮುಖ. ಈಗ ಅವಳ ಬಾಯಲ್ಲಿ. ಪ್ರಾಣ ಉಳಿದು ಭಾಗ್ಯ ಉಳಿಯದಿದ್ದರೆ?

ಹಾಗಾಗಿ ಕೆಲಸ ನನ್ನ ಪಾಲಿಗೆ ಬಂತು. ಮುದ್ದೆ ತಿರುವಿದರೆ ಗಂಟು, ಅನ್ನ ಮಾಡಿದರೆ ಗಂಜಿ. ಒಂದು ದಿನ ಹಾಲಿನ ಪಾತ್ರೆ ತಳ ಹಿಡಿಯಿತು. ಅವಳಿಗೆ ಕೇಳಲೆಂದೇ ಗಟ್ಟಿಯಾಗಿ, "ಬಾರಪ್ಪ ರಾಜಾ, ನಿಂಗೊಂದು ಗತಿ ಕಾಣಿಸ್ತೀನಿ" ಎಂದೆ. ಕಿವಿ ನಿಮಿರಿಸಿ ಕಾದೆ. ರೂಮಿನಿಂದ ಬಂದದ್ದು ಬಿಪಿ ಮಿಷನ್ನಿನ ಗುರ್ರ್ ಸದ್ದು.

ದೇವಮ್ಮಜ್ಜಿಯ ಡ್ರಾಪ್ಸ್ ಕೂಡ ನನಗೇ ಬಂತು. ಮೊದಲ ಹನಿ ಕೆನ್ನೆಗೆ ಬಿತ್ತು. ಎರಡನೆಯದು ಇನ್ನೂ ಆಚೆ.

"ಕಣ್ಗಾಕಪ್ಪ ಮೇಷ್ಟ್ರೇ, ಕಿವಿಗ್ಯಾಕಾಕೀಯೆ?" ಎಂದಿತು ಅಜ್ಜಿ. "ನಂಗೂ ಕೈ ನಡುಗ್ತದೆ, ನಿಂಗೂ ನಡುಗ್ತದೆ. ಇಬ್ರೂ ಸೇರ್ಕಂಡು ಸೀಸೆ ಕಾಲಿ ಮಾಡ್ತೀವಿ, ಅಷ್ಟೇಯ. ಭಾಗ್ಯನ್ ಕಳ್ಸು, ಕುಂತ್ಕಂಡೇ ಆಕ್ಲಿ."

ಮನೆಗೆ ಬಂದು ಗೊಣಗಿದೆ. ಭಾಗ್ಯ ಕೇಳಿಸಿಕೊಂಡಳು. "ಕಿವಿಗಾ?" ಎಂದಳು. ಅಷ್ಟೇ. ನಗಲಿಲ್ಲ.

ಮಾರನೆಯ ಸಂಜೆ ಚಪ್ಪಲಿ ಮೆಟ್ಟುತ್ತಿದ್ದೆ. ಹಿಂದಿನಿಂದ ಪರ್ರೆಂದು ಸದ್ದು. ತೋಳಿನ ಪಟ್ಟಿ ಬಿಚ್ಚಿದ ಸದ್ದು.

"ತಾಳಿ. ಆ ಅಜ್ಜಿ ಕಣ್ಣು ಕಳೆದಾಕ್ತೀರಿ ನೀವು."

ಕಾಂಪೌಂಡ್ ಗೋಡೆ ಹಿಡಿದುಕೊಂಡು ಮೆಲ್ಲಗೆ ನಡೆದಳು. ಹಿಂದೆ ನಾನು. ಜೇಬಿನಲ್ಲಿ ನಾಲಿಗೆ ಕೆಳಗಿಡುವ ಮಾತ್ರೆ, ತಲೆಯ ಮೇಲೆ ಪ್ಲಾಸ್ಟಿಕ್ ಕುರ್ಚಿ, ದಾರಿಯಲ್ಲಿ ಕೂರಬೇಕಾದರೆ ಇರಲಿ ಅಂತ. ಎದುರು ಮನೆಯವರು, "ಏನ್ ಮೇಷ್ಟ್ರೇ, ಮನೆ ಕಾಲಿ ಮಾಡ್ತಿದೀರಾ?" ಎಂದರು. ಎರಡನೇ ಮನೆಯ ಮುಂದೆ ಭಾಗ್ಯ ನಿಂತಳು. ಉಸಿರು ನೋಡಿಕೊಂಡಳು. ಕುರ್ಚಿ ಇಳಿಸಿದೆ. ಕೂರಲಿಲ್ಲ. ಮುಂದೆ ಹೋದಳು.

"ಬಂದ್ಯಾ ಮಗಾ?" ಎಂದ ಅಜ್ಜಿ ಅವಳ ಮುಖವನ್ನೆಲ್ಲ ಕೈಯಲ್ಲಿ ತಡವಿ ನೋಡಿತು. "ಸೊರಗೋಗಿದ್ದೀಯ. ಏನಾಕ್ತಾನೆ ನಿನ್ ಗಂಡ?"

"ಗಂಜಿ ಕಣಜ್ಜಿ. ಅನ್ನ ಅಂತಾನೇ ಮಾಡ್ತಾರೆ ಪಾಪ."

ಮೊದಲು ನಕ್ಕದ್ದು ಅಜ್ಜಿ. ಆಮೇಲೆ ಇನ್ನೊಂದು ನಗು. ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕುಳಿತೆ. ಅರ್ಧ ಗಂಟೆ ಹಿಡಿಯಿತು.

ವಾಪಸು ಬರುವಾಗ ಎರಡನೇ ಮನೆಯ ಹತ್ತಿರ ಅವಳಿಗೆ ಕುರ್ಚಿ ಬೇಕಾಯಿತು. ಕುಳಿತವಳೇ, "ನಾಳೆಯಿಂದ ಇದನ್ನ ತರಬೇಡಿ, ಅಸಹ್ಯ" ಎಂದಳು. "ಆಯ್ತು" ಎಂದೆ.

ಈಗಲೂ ದಿನಾ ಒಯ್ಯುತ್ತೇನೆ. ಕೆಲವು ಸಂಜೆ ಅದು ಬೇಕಾಗುತ್ತದೆ. ಬೇಡವಾದ ಸಂಜೆ, ಒಳಗಿನಿಂದ ನಗು ಕೇಳುತ್ತಾ, ನಾನೇ ಅದರಲ್ಲಿ ಕುಳಿತಿರುತ್ತೇನೆ.