ಮರ್ವ್‌ನ ಒಂಬತ್ತು ಇಪ್ಪತ್ತು

ರೇಲೀನ್ ಹೆಗಾರ್ಟಿ ನಮ್ಮ ಪಕ್ಕದ ಮನೆಗೆ ಬಂದದ್ದು ಮಾರ್ಚ್ ತಿಂಗಳ ಎರಡನೇ ಸೋಮವಾರ, ಮಧ್ಯಾಹ್ನ ಊಟದ ಹೊತ್ತಿಗೆ. ಲಾರಿಯಿಂದ ಮೊದಲು ಇಳಿಸಿಕೊಂಡದ್ದು ಫ್ರಿಜ್ಜು. ಮಂಚ, ಕುರ್ಚಿ ಎಲ್ಲ ಬಿಸಿಲಲ್ಲಿ ನಿಂತಿರುವಾಗಲೇ ಅವಳು ಫ್ರಿಜ್ಜಿಗೆ ಕರೆಂಟು ಕೊಟ್ಟು, ಐಸ್ ಡಬ್ಬಿಯಿಂದ ಔಷಧಿ ತುಂಬಿದ ಎಂಟು ಸೂಜಿ ತೆಗೆದು, ಬಾಗಿಲಿನ ಅರೆಯಲ್ಲಿ ಸಾಸಿವೆ ಬಾಟಲಿಯ ಪಕ್ಕ ಸಾಲಾಗಿ ಇಟ್ಟಳು. ನಾನು ಟೀ ತೆಗೆದುಕೊಂಡು ಹೋಗಿದ್ದೆ, ಹಾಗಾಗಿ ನೋಡಿದೆ.

ಅವಳಿಗೆ ಸಂಧಿವಾತ. ಹತ್ತೊಂಬತ್ತು ವರ್ಷದ್ದು. ಬೆರಳು, ಮಂಡಿ, ಭುಜ, ಕೆಲವು ದಿನ ದವಡೆ ಕೂಡ. ಶನಿವಾರಕ್ಕೊಂದು ಸೂಜಿ ಚುಚ್ಚಿಕೊಳ್ಳಬೇಕು. ಬಿಟ್ಟರೆ ಮೂರು ವಾರದಲ್ಲಿ ಹಾಸಿಗೆಯಿಂದ ತಾನಾಗಿ ಏಳಲಾರಳು. ಚಮಚ ಯಾವ ಡ್ರಾಯರಿನಲ್ಲಿದೆ ಅಂತ ಹೇಳುವ ಹಾಗೆ ಇದನ್ನು ಹೇಳಿದಳು. ನಗರದಲ್ಲಿ ಅವಳಿದ್ದ ಬಾಡಿಗೆ ಮನೆಯನ್ನು ಮಾಲೀಕ ಮಾರಿಬಿಟ್ಟಿದ್ದ. ಅದೇ ತಿಂಗಳು ಅವಳ ಹಳೇ ಡಾಕ್ಟರೂ ಕೆಲಸದಿಂದ ನಿವೃತ್ತರಾಗಿದ್ದರು. ನಗರದ ಕೀಲು ಡಾಕ್ಟರು ಇನ್ನಷ್ಟು ಸೂಜಿ ಬರೆದುಕೊಡಬೇಕಾದರೆ ಊರ ಡಾಕ್ಟರ ಕಾಗದ ಬೇಕು. ಅಂದರೆ ಕೈಯಲ್ಲಿ ಎಂಟು ಶನಿವಾರ, ಅಷ್ಟರಲ್ಲಿ ಹೊಸ ಡಾಕ್ಟರು ಸಿಗಬೇಕು.

ನಮ್ಮ ಊರಿಗೆ ಇರುವುದು ಒಬ್ಬರೇ ಡಾಕ್ಟರು, ವಿಜೇಸುಂದರ ಅಂತ. ಮಾರನೇ ದಿನ ರೇಲೀನ್ ಕ್ಲಿನಿಕ್ಕಿಗೆ ಫೋನ್ ಮಾಡಿದಳು. ಫೋನು ಕಿವಿಗೆ ಹಿಡಿದುಕೊಳ್ಳಲು ಬೆರಳು ಬಗ್ಗುವುದಿಲ್ಲ, ಮೇಜಿನ ಮೇಲಿಟ್ಟು ಜೋರು ಮಾಡಿದಳು. ಎತ್ತಿದ್ದು ಗ್ಲೆನಿಸ್. ಆ ಹುಡುಗಿಯನ್ನು ನಾನು ತೊಟ್ಟಿಲಲ್ಲಿ ನೋಡಿದ್ದೇನೆ, ಈಗ ಅವಳಿಗೂ ಕನ್ನಡಕ ಬಂದಿದೆ.

"ಪುಸ್ತಕ ಮುಚ್ಚಿದೆಯಮ್ಮ," ಅಂದಳು ಗ್ಲೆನಿಸ್.

"ಯಾವ ಪುಸ್ತಕ?"

"ಹೊಸಬರನ್ನ ಬರಕೊಳ್ಳೋದು. ಮುಚ್ಚಿ ಎರಡು ವರ್ಷ ಆಯ್ತು."

"ಕಾಯೋರ ಪಟ್ಟಿ ಇರುತ್ತಲ್ಲ?"

"ಅದೂ ಮುಚ್ಚಿದೆ."

"ಮತ್ತೆ ಯಾವಾಗ ತೆಗೀತೀರಿ?"

"ಯಾರಾದ್ರೂ ಹೋದ್ರೆ."

"ಎಲ್ಲಿಗೆ?"

ಗ್ಲೆನಿಸ್ ಸುಳ್ಳು ಹೇಳುವವಳಲ್ಲ. ಸ್ವಲ್ಪ ಹೊತ್ತು ಕೀಲಿಮಣೆ ಕುಟ್ಟುವ ಸದ್ದು ಬಂತು. "ಊರು ಬಿಟ್ಟು," ಅಂದಳು. "ಇಲ್ಲಾ ಅಂದ್ರೆ... ಹೋದ್ರೆ."

ಸುತ್ತಲಿನ ಮೂರು ಊರಿಗೂ ಫೋನ್ ಹೋಯಿತು. ಮೂರೂ ಕಡೆ ಪುಸ್ತಕ ಮುಚ್ಚಿತ್ತು. ಒಂದು ಕಡೆ ಮಾತ್ರ, ಜ್ವರ ಬಂದರೆ ತುರ್ತಿಗೆ ಬನ್ನಿ ಅಂದರು. ಜ್ವರ ಇಲ್ಲ ಅಂದಳು. ಬಂದಾಗ ಬನ್ನಿ ಅಂದರು.

ಸತ್ತವರ ಚೀಟಿಯನ್ನು ನಮ್ಮಲ್ಲಿ ಬೇಕರಿಯ ಗಾಜಿಗೆ ಅಂಟಿಸುತ್ತಾರೆ. ನನಗೆ ಒಂದು ಚೀಟಿ ಓದಿ ಮುಗಿಸಲು ಒಂದು ಬ್ರೆಡ್ಡು ಕೊಳ್ಳುವಷ್ಟು ಹೊತ್ತು ಬೇಕು. ರೇಲೀನ್ ನಿಂತ ಕಾಲಲ್ಲೇ ಓದುತ್ತಿದ್ದಳು. ನೀಲಿ ಬಟ್ಟೆ ಹಾಕಿಕೊಂಡು ಅಂತ್ಯಕ್ರಿಯೆಗೆ ಹೋಗುವಳು. ಆಮೇಲೆ ಚರ್ಚಿನ ಹಾಲ್‌ನಲ್ಲಿ ಮೊಟ್ಟೆ ಸ್ಯಾಂಡ್‌ವಿಚ್ ಕೈಯಲ್ಲಿ ಹಿಡಿದು ಮನೆಯವರ ಹತ್ತಿರ ನಿಂತು, "ತುಂಬಾ ಬೇಜಾರಾಯ್ತು. ಅವರು ಯಾವ ಡಾಕ್ಟ್ರಿಗೆ ತೋರಿಸ್ತಿದ್ರು?" ಅನ್ನುವಳು.

ಮೊದಲು ಹೋದವನು ಕ್ಲಾರಿ ಸ್ಟಬ್ಸ್. ನಲವತ್ತು ವರ್ಷದಿಂದ ಡಾಕ್ಟರ ಮುಖ ನೋಡಿದವನಲ್ಲ. "ಅದಕ್ಕೇ ಹೋದ," ಅಂದಳು ಅವನ ತಂಗಿ. ಎರಡನೆಯದು ಲೋರ್ನಾ ಟೀಗ್. ಪೆಟ್ಟಿಗೆ ಗುಂಡಿಗೆ ಇಳಿಯುವ ಮೊದಲೇ ಡಾಕ್ಟರ ಪುಸ್ತಕದಲ್ಲಿ ಅವಳ ಜಾಗಕ್ಕೆ ಸೊಸೆಯ ಹೆಸರು ಬಿದ್ದಿತ್ತು. ಅಷ್ಟು ಹೊತ್ತಿಗೆ ಫ್ರಿಜ್ಜಿನಲ್ಲಿ ಐದು ಉಳಿದಿದ್ದವು.

ನನ್ನ ಗಂಡ ಮರ್ವ್ ಗೋಧಿ ಉಗ್ರಾಣದಲ್ಲಿ ಮೂವತ್ತು ವರ್ಷ ದುಡಿದು ಎದೆ ತುಂಬ ಧೂಳು ತುಂಬಿಕೊಂಡಿದ್ದ. ಮೂಗಿಗೆ ಆಮ್ಲಜನಕದ ಪೈಪು ಹಾಕಿಕೊಂಡು ವರಾಂಡದಲ್ಲಿ ಕೂತಿರುತ್ತಿದ್ದ. ಪ್ರತಿ ತಿಂಗಳ ಮೊದಲ ಮಂಗಳವಾರ ಒಂಬತ್ತು ಇಪ್ಪತ್ತಕ್ಕೆ ಡಾಕ್ಟರ ಹತ್ತಿರ ಅವನ ಸರದಿ. ಹನ್ನೊಂದು ವರ್ಷ ತಪ್ಪಿರಲಿಲ್ಲ. ರೇಲೀನ್ ಬಂದು ಕ್ಲಾರಿಯ ತಂಗಿಯ ಮಾತು ಹೇಳಿದಾಗ ಕೆಮ್ಮು ಬರುವ ತನಕ ನಕ್ಕ. ಅಂದಿನಿಂದ ದಿನಾ ಬೆಳಿಗ್ಗೆ ಬೇಲಿಯಾಚೆಗೆ ಒಂದು ಕೂಗು.

"ಇವತ್ತೂ ಇದ್ದೀನಿ ಕಣೇ ರೇಲೀನ್. ಬೇಜಾರು ಮಾಡ್ಕೋಬೇಡ."

"ನಿಧಾನಕ್ಕೆ ಆಗ್ಲಿ ಮರ್ವ್. ಇನ್ನೂ ನಾಲ್ಕು ಸೂಜಿ ಇದೆ."

"ನಾಲ್ಕರೊಳಗೆ ನೋಡ್ತೀನಿ."

"ಬಾಯಿ ಮುಚ್ಚು," ಅಂತ ನಾನು ಬೈದೆ.

"ಮೂಗಿಗೆ ಪೈಪು ಹಾಕಿದ್ದಾಗಿದೆ. ಬಾಯೂ ಮುಚ್ಚಿದ್ರೆ ಈಗಲೇ ಜಾಗ ಖಾಲಿ," ಅಂದ ಮರ್ವ್.

ಒಂದು ದಿನ ಗಡ್ಡ ತೆಗೆಯುತ್ತಿದ್ದಾಗ, ನೊರೆ ಹಚ್ಚಿದ ಮುಖದಲ್ಲೇ ಅಂದ. "ನನ್ನ ಒಂಬತ್ತು ಇಪ್ಪತ್ತು ಅವಳಿಗೆ. ಕೇಳಿಸ್ತಾ?"

ಕೇಳಿಸಿತು ಅಂದೆ.

ಏಪ್ರಿಲ್ ಕೊನೇ ಬುಧವಾರ, ತಿಂಡಿ ತಿನ್ನುತ್ತಾ ಹೋದ. ಅರ್ಧ ಟೋಸ್ಟು ತಟ್ಟೆಯಲ್ಲಿತ್ತು. ಆಮ್ಲಜನಕದ ಯಂತ್ರ ನಾನೇ ಆರಿಸಿದೆ. ಅದರ ಸದ್ದು ನಿಂತದ್ದು ಕೇಳಿ ರೇಲೀನ್ ಬಂದಳು. ನೀರು ಕಾಯಿಸಲು ಇಟ್ಟಳು.

ಶುಕ್ರವಾರ ಅಂತ್ಯಕ್ರಿಯೆ. ಬೆಳಿಗ್ಗೆ ಏಳಕ್ಕೇ ಬ್ರೆಡ್ಡಿಗೆ ಬೆಣ್ಣೆ ಸವರಲು ಬಂದಳು. ಚಾಕು ಮೂರು ಸಲ ಕೈಜಾರಿ ಬಿತ್ತು. ನಾಲ್ಕನೇ ಸಲ ಟವಲ್ಲಿನಿಂದ ಅದನ್ನು ಅಂಗೈಗೆ ಕಟ್ಟಿಕೊಂಡಳು. ಎರಡೂವರೆ ಬ್ರೆಡ್ಡು ಮುಗಿಸಿದಳು. ಚರ್ಚಿನ ಹಾಲ್‌ನಲ್ಲಿ ತಟ್ಟೆ ಹಿಡಿದು ಎಲ್ಲರ ಹತ್ತಿರವೂ ಹೋದಳು, ಗ್ಲೆನಿಸ್ ಹತ್ತಿರವೂ, ನನ್ನ ಹತ್ತಿರವೂ. ಕ್ಲಾರಿಯ ತಂಗಿಯನ್ನು ಕೇಳಿದವಳು ನನ್ನನ್ನು ಕೇಳಲಿಲ್ಲ. ನಾನು ಕಾದು ನೋಡಿದೆ. ತಟ್ಟೆಗಳನ್ನು ತೊಳೆದು, ಒರೆಸಿ, ಮನೆಗೆ ಹೋದಳು. ಶನಿವಾರ ಒಂದು ಚುಚ್ಚಿಕೊಂಡಳು. ಉಳಿದದ್ದು ಒಂದು.

ಮಂಗಳವಾರ ಎಂಟೂವರೆಗೆ ಅವಳ ಬಾಗಿಲು ತಟ್ಟಿದೆ. "ನೀಲಿ ಬಟ್ಟೆ ಹಾಕ್ಕೋ."

"ಯಾರು ಹೋದ್ರು ಐವಿ?"

"ಯಾರೂ ಇಲ್ಲ. ನಡಿ."

ಕ್ಲಿನಿಕ್ಕಿನಲ್ಲಿ ಗ್ಲೆನಿಸ್ ನನ್ನನ್ನು ಕಂಡು ಎದ್ದು ನಿಂತಳು. "ಐವಿ ಆಂಟಿ, ಮರ್ವ್ ಅಂಕಲ್ ಸರದಿ ತೆಗೆದುಹಾಕಬೇಕಿತ್ತು. ಕೈಯೇ ಬರ್ಲಿಲ್ಲ. ಇನ್ನೂ ಇದೆ."

"ತೆಗೀಬೇಡ. ಅದಕ್ಕೆ ಇವಳು ಬಂದಿದ್ದಾಳೆ."

"ಆಂಟಿ, ಸರದಿನ ಯಾರಿಗೋ ಬಿಟ್ಟುಹೋಗೋಕಾಗಲ್ಲ. ಅದೇನು ಮನೇನಾ, ಕಾರಾ?"

"ಯಾರಾದ್ರೂ ಹೋದ್ರೆ ಪುಸ್ತಕ ತೆಗೀತೀನಿ ಅಂದೋಳು ನೀನು. ಹೋದ. ನೀನೇ ಬಂದು ಸ್ಯಾಂಡ್‌ವಿಚ್ ತಿಂದೆ."

"ಪಟ್ಟೀಲಿ ಮೂವತ್ತು ಜನ ಇದ್ದಾರೆ ಆಂಟಿ."

"ಪಟ್ಟಿ ಮುಚ್ಚಿದೆ ಅಂದ್ಯಲ್ಲ."

ಗ್ಲೆನಿಸ್ ಕನ್ನಡಕ ತೆಗೆದು ಒರೆಸಿದಳು. ಒರೆಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಅಷ್ಟರಲ್ಲಿ ಗಡಿಯಾರದಲ್ಲಿ ಒಂಬತ್ತು ಇಪ್ಪತ್ತಾಯಿತು. ಡಾಕ್ಟರು ಬಾಗಿಲು ತೆರೆದು "ಮರ್ವ್" ಅಂದುಬಿಟ್ಟರು. ಹನ್ನೊಂದು ವರ್ಷದ ಬಾಯಿ. ಶುಕ್ರವಾರ ಅವರೂ ಬಂದಿದ್ದರು, ಹಿಂದಿನ ಸಾಲಿನಲ್ಲಿ ಕೂತಿದ್ದರು. ಅಂದದ್ದೇನೆಂದು ಹೊಳೆದು ಹಾಗೇ ಬಾಗಿಲು ಹಿಡಿದು ನಿಂತರು. ಯಾರೂ ಏಳಲಿಲ್ಲ. ನಾನು ರೇಲೀನಳ ಬೆನ್ನಿಗೆ ಚೀಲದಿಂದ ತಿವಿದೆ. ಅವಳು ಕುರ್ಚಿಯ ಎರಡು ಕೈಗೂ ಮೊಣಕೈ ಊರಿ, ಒಂದು ಮಂಡಿ ನೆಟ್ಟಗೆ ಮಾಡಿ, ಉಸಿರು ಹಿಡಿದು, ಇನ್ನೊಂದು ಮಂಡಿ ನೆಟ್ಟಗೆ ಮಾಡಿ, ಎದ್ದಳು. ಹೊತ್ತು ಹಿಡಿಯಿತು. ಡಾಕ್ಟರು ಅಷ್ಟನ್ನೂ ನೋಡಿದರು.

"ಪುಸ್ತಕ ಮುಚ್ಚಿದೆಯಂತೆ ಡಾಕ್ಟ್ರೇ," ಅಂದಳು. ಅಲ್ಲಿ ತನಕ ಬಂದು ಅದನ್ನು ಅವಳೇ ಹೇಳಬೇಕೇ?

"ಇದು ಮರ್ವ್ ಹೊತ್ತು. ಇಪ್ಪತ್ತು ನಿಮಿಷ ಇದೆ," ಅಂದರು ಡಾಕ್ಟರು. "ಬನ್ನಿ."

ಒಳಗೆ ಮೂವತ್ತೈದು ನಿಮಿಷ ಆಯಿತು. ಅವಳೆದುರಿಗೇ ನಗರದ ಕೀಲು ಡಾಕ್ಟರಿಗೆ ಫೋನ್ ಮಾಡಿ ಕಾಗದವನ್ನೂ ಕಳಿಸಿದರಂತೆ. ಆಚೆ ಬಂದಾಗ ಗ್ಲೆನಿಸ್ ಏನೋ ಕುಟ್ಟುತ್ತಿದ್ದಳು. ಮುಂದಿನ ತಿಂಗಳ ಮೊದಲ ಮಂಗಳವಾರ ಅಂತ ಚೀಟಿ ಕೊಟ್ಟಳು. ಮುಂದಿನ ವಾರ ಔಷಧಿ ಅಂಗಡಿಗೆ ನಾಲ್ಕು ಸೂಜಿ ಬಂದವು. ಒಂದು ಶನಿವಾರವೂ ತಪ್ಪಲಿಲ್ಲ.

ಪುಸ್ತಕದಲ್ಲಿ ಮರ್ವ್ ಹೆಸರು ಬದಲಾಯಿಸುವಾಗ ಗ್ಲೆನಿಸ್ ಏನನ್ನೋ ಹಾಗೇ ಬಿಟ್ಟಿರಬೇಕು. ಜುಲೈನಲ್ಲಿ ರೇಲೀನಳಿಗೆ ಕ್ಲಿನಿಕ್ಕಿನಿಂದ ಕಾಗದ ಬಂತು, ಎಪ್ಪತ್ತು ದಾಟಿದ ಗಂಡಸರು ಬಂದು ತಪಾಸಣೆ ಮಾಡಿಸಿಕೊಳ್ಳತಕ್ಕದ್ದು ಅಂತ. ಓದಿ ಹೇಳಿದಳು.

"ಏನು ಮಾಡ್ತೀಯ?" ಅಂದೆ.

"ಹೋಗ್ತೀನಿ. ಸಿಕ್ಕಿದ ಜಾಗ ಬಿಡಬಾರದು."

ತಿಂಗಳ ಮೊದಲ ಮಂಗಳವಾರ ನಾನು ಒಂಬತ್ತಕ್ಕೆ ವರಾಂಡದಲ್ಲಿ ಕೂರುತ್ತೇನೆ, ಅದು ಮರ್ವ್‌ನನ್ನು ಹೊರಡಿಸುತ್ತಿದ್ದ ಹೊತ್ತು. ರೇಲೀನ್ ನೀಲಿ ಬಟ್ಟೆ ಹಾಕಿಕೊಂಡು ಬೇಲಿಯ ಪಕ್ಕ ಹಾದುಹೋಗುವಾಗ ನನ್ನ ಕಡೆಗೆ ಕೈ ಎತ್ತುತ್ತಾಳೆ, ಎಷ್ಟು ಏಳುತ್ತದೋ ಅಷ್ಟು. ಜೂನ್ ತಿಂಗಳಲ್ಲಿ ಸೊಂಟದ ತನಕ ಬರುತ್ತಿತ್ತು. ಈ ತಿಂಗಳು ಭುಜದ ತನಕ ಬಂತು.